72 ಸಲ ಅಳೆದಿದ್ದೇನೆ, ಲೆಕ್ಕಕ್ಕೆ ಬರುವುದು ಆರೇ ಅಂತೆ. ಹೌದೇ?

ಕಗ್ಗಭತ್ತ (ವಾಸ್ಕೊ, ಗೋವಾ)

ಎಲ್ಲರಿಗೂ ನಮಸ್ಕಾರ. ನನ್ನೂರು ಕುಮಟಾ ತಾಲೂಕು, ಅಘನಾಶಿನಿ ದಂಡೆ. ಈಗ ಗೋವಾದಲ್ಲಿ ಪಿಎಚ್‌ಡಿ ಮಾಡುತ್ತಾ ಅಣ್ಣ-ಅತ್ತಿಗೆಯ ಜೊತೆ ವಾಸ್ಕೊದಲ್ಲಿ ಇದ್ದೇನೆ. ನನ್ನ ವಿಷಯ ಇಲ್ಲಿನ ಖಾಜನ್ ಗದ್ದೆಗಳ ಮಣ್ಣಿನ ಉಪ್ಪು. ಖಾಜನ್ ಅಂದರೆ ನಮ್ಮ ಕಡೆಯ ಗಜನಿಯ ಹಾಗೆಯೇ. ಹೊಳೆಗೆ ಏರಿ ಬರುವ ಉಬ್ಬರದ ನೀರನ್ನು ಒಡ್ಡು ಹಾಕಿ ತಡೆದು ಮಾಡಿಕೊಂಡ ಗದ್ದೆ. ನೀರು ಒಳಗೆ ಬಿಡಲು, ಹೊರಗೆ ಬಿಡಲು ಒಡ್ಡಿನಲ್ಲಿ ಒಂದು ಬಾಗಿಲು ಇರುತ್ತದೆ, ಇಲ್ಲಿಯವರು ಅದನ್ನು ಮಾನಸ್ ಅನ್ನುತ್ತಾರೆ. ಮಳೆ ಬಂದು ಉಪ್ಪು ತೊಳೆದ ಮೇಲೆ ಭತ್ತ, ಕೊಯ್ಲಾದ ಮೇಲೆ ಮೀನು, ಸಿಗಡಿ. ನಮ್ಮಲ್ಲಿ ಕಗ್ಗ ಬೆಳೆಯುವಂತೆ ಇಲ್ಲಿ ಕೋರ್ಗುಟ್ ಎಂಬ ಉಪ್ಪು ತಡೆಯುವ ಭತ್ತ.

ಏಪ್ರಿಲ್‌ನಲ್ಲಿ ತಿಸವಾಡಿ ತಾಲೂಕಿನ ಒಂದು ಖಾಜನ್‌ನಲ್ಲಿ 6 ಗದ್ದೆ ಆರಿಸಿಕೊಂಡೆ. ಪ್ರತಿ ಗದ್ದೆಯಲ್ಲಿ 4 ಕಡೆ ಮಣ್ಣು ತೆಗೆದೆ. ಪ್ರತಿ ಜಾಗದ ಮಣ್ಣು ಒಣಗಿಸಿ, 20 ಗ್ರಾಂ ಮಣ್ಣಿಗೆ 40 ಮಿ.ಲೀ. ಡಿಸ್ಟಿಲ್ಡ್ ನೀರು ಹಾಕಿ ಅಲ್ಲಾಡಿಸಿ, ಇಸಿ ಮೀಟರ್‌ನಲ್ಲಿ (ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಎಂದು ತೋರಿಸುವುದು, ಉಪ್ಪು ಹೆಚ್ಚಿದಷ್ಟೂ ಹೆಚ್ಚು) 3 ಸಲ ಅಳೆದೆ. ಒಟ್ಟು 72 ಅಳತೆ. ಸರಾಸರಿ ಮೀಟರ್‌ಗೆ 5.2 ಡೆಸಿಸೀಮೆನ್ಸ್. 72 ಅಳತೆಗಳ ಸ್ಟ್ಯಾಂಡರ್ಡ್ ಎರರ್ (ಸರಾಸರಿ ಎಷ್ಟು ಆಚೀಚೆ ಇರಬಹುದು ಎಂಬ ಅಂದಾಜು) ತೆಗೆದು, ಅದರ ಎರಡು ಪಟ್ಟು ಹಿಡಿದು 5.2 ± 0.28 ಎಂದು ಲೇಖನದಲ್ಲಿ ಬರೆದೆ.

ವಿಮರ್ಶಕರ ಉತ್ತರ ಒಂದೇ ಸಾಲು: 72 ಅಳತೆಗಳು ಒಂದಕ್ಕೊಂದು ಸ್ವತಂತ್ರವಲ್ಲ, ನಿಮ್ಮ ಹತ್ತಿರ ಇರುವುದು ಆರು ಗದ್ದೆ ಮಾತ್ರ.

ಆ ಸಾಲು ಓದಿ ರಾತ್ರಿ ನಿದ್ದೆ ಬರಲಿಲ್ಲ. ಆ ಬಿಸಿಲಿನಲ್ಲಿ, ಮೊಣಕಾಲು ಹುಗಿಯುವ ಕೆಸರಿನಲ್ಲಿ ತಿಂಗಳು ಪೂರ್ತಿ ಓಡಾಡಿದ್ದೇನೆ. ಆರು ಅಂದರೆ ಹೇಗೆ?

ಗೆಳತಿಯೊಬ್ಬಳು ಕಂಪ್ಯೂಟರಿನಲ್ಲಿ ಅನೋವಾ (ಒಟ್ಟು ಏರುಪೇರನ್ನು ಹಂತ ಹಂತಕ್ಕೆ ಹಂಚುವ ಲೆಕ್ಕ) ಮಾಡಿಕೊಟ್ಟಳು. ಬಂದದ್ದು ಹೀಗೆ. ಗದ್ದೆಗಳ ನಡುವೆ ಮೀನ್ ಸ್ಕ್ವೇರ್ (ಆ ಹಂತದ ಏರುಪೇರಿನ ಅಂಕಿ) 13.54, ಡಿಗ್ರೀಸ್ ಆಫ್ ಫ್ರೀಡಂ (ಆ ಹಂತದಲ್ಲಿ ಸಿಗುವ ಸ್ವತಂತ್ರ ವ್ಯತ್ಯಾಸಗಳ ಸಂಖ್ಯೆ) 5. ಗದ್ದೆಯೊಳಗಿನ ಜಾಗಗಳ ನಡುವೆ 1.54, ಡಿಗ್ರಿ 18. ಒಂದೇ ಜಾಗದ ಅಳತೆಗಳ ನಡುವೆ 0.04, ಡಿಗ್ರಿ 48. ಇದನ್ನು ಓದುವುದು ಹೇಗೆಂದು ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಮೇ ತಿಂಗಳಲ್ಲಿ ಮಳೆಗೆ ಮೊದಲು ಇನ್ನೊಂದು ಸುತ್ತು ಹೋಗಬೇಕು. ಆಗ ಏನು ಬದಲಿಸಲಿ? ಐದೈದು ಸಲ ಅಳೆದರೆ ಒಪ್ಪುತ್ತಾರೆಯೇ?

---

ಸರಾಸರಿ (ಕೋಥ್ರೂಡ್, ಪುಣೆ)

ಆಫೀಸಿನಿಂದ ಅವಸರದಲ್ಲಿ ಬರೆಯುತ್ತಿದ್ದೇನೆ, ರಾತ್ರಿ ವಿವರವಾಗಿ ಬರೆಯುತ್ತೇನೆ. ವಿಮರ್ಶಕರ ಮಾತು ಸರಿ. ಆದರೆ ನಿಮ್ಮ ಒಂದು ಅಳತೆಯನ್ನೂ ಎಸೆಯಬೇಕಾಗಿಲ್ಲ. ಈಗಿನ ಮಟ್ಟಿಗೆ ಒಂದು ಕೆಲಸ ಮಾಡಿ. ಪ್ರತಿ ಗದ್ದೆಯ 12 ಅಳತೆಗಳ ಸರಾಸರಿ ತೆಗೆಯಿರಿ. ಆರು ಸಂಖ್ಯೆ ಸಿಗುತ್ತವೆ. ಆ ಆರರ ಮೇಲೆ ಸ್ಟ್ಯಾಂಡರ್ಡ್ ಎರರ್ ಹಾಕಿ. ಎಲ್ಲ ಗದ್ದೆಗೂ ಒಂದೇ ಸಂಖ್ಯೆಯ ಅಳತೆ ಇರುವುದರಿಂದ ದೊಡ್ಡ ವಿಧಾನದಲ್ಲಿ ಬರುವ ಉತ್ತರವೇ ಇದರಲ್ಲೂ ಬರುತ್ತದೆ. ಐದೈದು ಸಲ ಅಳೆಯುವ ಯೋಚನೆ ಮಾತ್ರ ಬಿಟ್ಟುಬಿಡಿ.

---

ನೂಲುಲೆಕ್ಕ (ಡೊಂಬಿವಲಿ, ಮುಂಬಯಿ)

ಮಗಳೇ, ನನಗೆ ಈಗ ಎಪ್ಪತ್ತೈದು ನಡೆಯುತ್ತಿದೆ. ನಿನ್ನ ಗದ್ದೆಯ ಮಣ್ಣಿನ ಬಗ್ಗೆ ನನಗೆ ಗೊತ್ತಿಲ್ಲ, ಆದರೆ ನಿನ್ನ ಈ 72ರ ಕಥೆ ನನ್ನದೇ. ಸ್ವಲ್ಪ ಉದ್ದವಾಗುತ್ತದೆ, ಸಾವಕಾಶ ಓದು.

ಕುಂದಾಪುರದ ಕಡೆಯಿಂದ ಹುಡುಗನಾಗಿದ್ದಾಗಲೇ ಮುಂಬಯಿಗೆ ಬಂದವನು. ಹಗಲು ಫೋರ್ಟಿನ ಹೋಟೆಲಿನಲ್ಲಿ ಕೆಲಸ, ರಾತ್ರಿ ಕನ್ನಡ ಶಾಲೆ. ಮೆಟ್ರಿಕ್ ಮುಗಿಸಿದ ಮೇಲೆ ಲೋವರ್ ಪರೇಲಿನ ಒಂದು ಬಟ್ಟೆ ಮಿಲ್ಲಿನ ಟೆಸ್ಟಿಂಗ್ ರೂಮಿನಲ್ಲಿ ಕೆಲಸ ಸಿಕ್ಕಿತು. ಅಲ್ಲಿ ನೂಲಿನ ಕೌಂಟ್ ನೋಡುವುದು ನನ್ನ ಕೆಲಸ. 40 ಕೌಂಟ್ ಅಂದರೆ ಒಂದು ಪೌಂಡ್ ನೂಲಿನಲ್ಲಿ 840 ಗಜದ ನಲವತ್ತು ಲಡಿ. ನಾವು ಬಾಬಿನ್‌ನಿಂದ ರೀಲಿನ ಮೇಲೆ 120 ಗಜ ಸುತ್ತುತ್ತಿದ್ದೆವು, ಅದಕ್ಕೆ ಲೀ ಅಂತ ಹೆಸರು. ಆ ಲೀ ತೂಗಿ ಕೌಂಟ್ ಲೆಕ್ಕ ಹಾಕುವುದು. ರೂಮಿನಲ್ಲಿ ಉಷ್ಣತೆ 27 ಡಿಗ್ರಿ, ತೇವ ನೂರಕ್ಕೆ 65 ಇರಲೇಬೇಕು, ಇಲ್ಲದಿದ್ದರೆ ಹತ್ತಿ ಗಾಳಿಯ ನೀರು ಕುಡಿದು ತೂಕವೇ ಬದಲಾಗುತ್ತದೆ.

ಒಮ್ಮೆ ಮಗ್ಗದ ಖಾತೆಯಿಂದ ದೂರು ಬಂತು. ಬಟ್ಟೆಯಲ್ಲಿ ಅಡ್ಡ ಪಟ್ಟೆ ಬೀಳುತ್ತಿದೆ, ನೂಲು ನೋಡಿ ಅಂತ. ನಾನು ನಾಲ್ಕು ಬಾಬಿನ್ ತಂದು, ಒಂದೊಂದರಿಂದ ಹತ್ತು ಲೀ ಸುತ್ತಿ, ನಲವತ್ತು ಸಲ ತೂಗಿದೆ. ಏರುಪೇರು ಬಹಳ ಕಡಿಮೆ ಬಂತು. ನೂಲು ಸರಿಯಿದೆ ಅಂತ ಬರೆದು ಸಹಿ ಹಾಕಿದೆ. ಮರುದಿನವೂ ಬಟ್ಟೆಯಲ್ಲಿ ಪಟ್ಟೆ. ನಮ್ಮ ರೂಮಿನ ಮುಖ್ಯಸ್ಥರು ಮರಾಠಿಯವರು, ಬೈಯುವವರಲ್ಲ. ನನ್ನ ಹಾಳೆ ನೋಡಿ, ನಾಲ್ಕು ಬಾಬಿನ್ ಮೇಜಿನ ಮೇಲೆ ಇಟ್ಟು, ಶೆಡ್ಡಿನಲ್ಲಿ ಬಾಬಿನ್ ಎಷ್ಟಿವೆ ಅಂತ ಕೇಳಿದರು. ಸಾವಿರಾರು ಅಂದೆ. ನೀನು ಕೇಳಿದ್ದು ನಾಲ್ಕನ್ನು ಮಾತ್ರ ಅಂದರು. ಬೇರೆ ಬೇರೆ ರಿಂಗ್ ಫ್ರೇಮಿನಿಂದ (ನೂಲು ತೆಗೆಯುವ ಮಶೀನು) ಇಪ್ಪತ್ತು ಬಾಬಿನ್ ತರಿಸಿ, ಒಂದೊಂದರಿಂದ ಎರಡೇ ಲೀ ತೆಗೆಸಿದರು. ಲೆಕ್ಕಕ್ಕೆ ಮತ್ತೆ ನಲವತ್ತೇ. ಆದರೆ ಈ ಸಲ ಒಂದು ಬಾಬಿನ್ನಿಗೂ ಇನ್ನೊಂದಕ್ಕೂ ಕೌಂಟ್ ಎಷ್ಟು ಜಾರಿದೆ ಎಂಬುದು ಹಾಳೆಯ ಮೇಲೆ ಕಣ್ಣಿಗೆ ಹೊಡೆಯುವ ಹಾಗೆ ಕಂಡಿತು. ಮಗ್ಗದಲ್ಲಿ ಹೊಕ್ಕು ನೂಲು ಒಂದು ಮುಗಿದು ಇನ್ನೊಂದು ಶುರುವಾದ ಕಡೆಯೇ ಪಟ್ಟೆ ಬೀಳುತ್ತಿತ್ತು.

ತಪ್ಪು ರಿಂಗ್ ಫ್ರೇಮಿನದ್ದಲ್ಲ, ಅದಕ್ಕಿಂತ ಹಿಂದಿನ ಡ್ರಾ ಫ್ರೇಮಿನದ್ದು. ಅಲ್ಲಿಂದ ಬಂದ ಸ್ಲೈವರ್ ಎಂಬ ಹತ್ತಿಯ ಹಗ್ಗವನ್ನು ಮುಂದೆ ಒಂದು ಕಡೆ ಎಂಟು ಪಟ್ಟು, ಇನ್ನೊಂದು ಕಡೆ ಇಪ್ಪತ್ತೈದು ಪಟ್ಟು ಎಳೆದರೆ, ಅದರ ಒಂದು ಮೀಟರ್ ಇನ್ನೂರು ಮೀಟರ್ ನೂಲಾಗುತ್ತದೆ. ಅಲ್ಲಿ ಒಂದು ಮೊಳ ದಪ್ಪ ಬಂದರೆ ಹೆಚ್ಚುಕಡಿಮೆ ಒಂದು ಲೀ ಪೂರ್ತಿ ದಪ್ಪ. ಅಂದರೆ ಪ್ರತಿ ಹಂತವೂ ತನ್ನದೇ ಅಳತೆಯ ಏರುಪೇರು ಬಿಟ್ಟುಹೋಗುತ್ತದೆ. ಯಾವ ಹಂತ ಎಷ್ಟು ಬಿಟ್ಟಿತು ಎಂದು ಬೇರೆ ಬೇರೆ ಮಾಡಿ ನೋಡಿದರೆ ಯಾವ ಮಶೀನಿನ ಹತ್ತಿರ ಹೋಗಬೇಕು ಎಂದು ಗೊತ್ತಾಗುತ್ತದೆ.

ಈಗ ನಿನ್ನ ಲೆಕ್ಕ. ಕೆಳಗಿನಿಂದ ಮೇಲಕ್ಕೆ ಬಾ.

ಒಂದೇ ಜಾಗದ ಮೂರು ಅಳತೆಗಳ ನಡುವಿನ ವೇರಿಯನ್ಸ್, ಅಂದರೆ ಏರುಪೇರಿನ ವರ್ಗದ ಸರಾಸರಿ, 0.04. ಅದು ನೇರ ಸಿಕ್ಕಿತು.

ಜಾಗಗಳ ಮೀನ್ ಸ್ಕ್ವೇರ್ 1.54. ಇದರಲ್ಲಿ ಎರಡು ಸೇರಿವೆ: ಆ 0.04, ಮತ್ತು ಜಾಗಗಳ ನಿಜವಾದ ವೇರಿಯನ್ಸಿನ ಮೂರು ಪಟ್ಟು, ಏಕೆಂದರೆ ಪ್ರತಿ ಜಾಗಕ್ಕೂ ಮೂರು ಅಳತೆ. 1.54ರಿಂದ 0.04 ಕಳೆದು 3ರಿಂದ ಭಾಗಿಸು. 0.50 ಬಂತು.

ಗದ್ದೆಗಳ ಮೀನ್ ಸ್ಕ್ವೇರ್ 13.54. ಇದರೊಳಗೆ ಕೆಳಗಿನ 1.54 ಪೂರ್ತಿ ಇದೆ, ಜೊತೆಗೆ ಗದ್ದೆಯ ವೇರಿಯನ್ಸಿನ ಹನ್ನೆರಡು ಪಟ್ಟು. ಕಳೆದು 12ರಿಂದ ಭಾಗಿಸು. 1.00.

ಮೂರನ್ನೂ ಕೂಡಿಸಿದರೆ 1.54. ಅದರಲ್ಲಿ ಗದ್ದೆಯಿಂದ ಗದ್ದೆಗೆ ಬರುವ ಏರುಪೇರು ನೂರಕ್ಕೆ 65. ಗದ್ದೆಯೊಳಗೆ ಜಾಗದಿಂದ ಜಾಗಕ್ಕೆ ನೂರಕ್ಕೆ 32 ಚಿಲ್ಲರೆ. ನೀನು ಮೂರು ಮೂರು ಸಲ ಅಳೆದು ತಡೆಯಲು ಹೊರಟ ಏರುಪೇರು ನೂರಕ್ಕೆ ಮೂರಕ್ಕಿಂತ ಕಡಿಮೆ.

ಸರಾಸರಿಯ ಸ್ಟ್ಯಾಂಡರ್ಡ್ ಎರರ್ ಬೇಕಾದರೆ 1.00ನ್ನು 6ರಿಂದ, 0.50ನ್ನು 24ರಿಂದ, 0.04ನ್ನು 72ರಿಂದ ಭಾಗಿಸಿ ಕೂಡಿಸು. 0.188. ವರ್ಗಮೂಲ 0.434. ಎಲ್ಲವನ್ನೂ ಒಂದೇ ರಾಶಿ ಮಾಡಿದಾಗ ನಿನಗೆ ಬಂದಿದ್ದದ್ದು 0.138 ಇರಬೇಕು. ಮೂರು ಪಟ್ಟು ಕಡಿಮೆ ತೋರಿಸಿದ್ದೀ. ಗದ್ದೆ ಆರೇ ಆದ್ದರಿಂದ ಡಿಗ್ರಿ 5, ನೂರಕ್ಕೆ 95ರ ಭರವಸೆ ಬೇಕಾದರೆ 0.434ನ್ನು ಗುಣಿಸಬೇಕಾದ ಗುಣಕ 2.57. ಹಾಗಾಗಿ ನಿನ್ನ ಲೇಖನದಲ್ಲಿ 5.2 ± 1.1 ಎಂದು ಇರಬೇಕು.

ಈಗ ನಾನು ಹೇಳಬೇಕಾದ ಮುಖ್ಯ ಮಾತು. ಪ್ರತಿ ಜಾಗದಲ್ಲಿ ಒಂದೇ ಸಲ ಅಳೆದಿದ್ದರೆ ಒಟ್ಟು 24 ಅಳತೆ ಆಗುತ್ತಿತ್ತು, ಆಗ ಸ್ಟ್ಯಾಂಡರ್ಡ್ ಎರರ್ 0.435. ಮೂರು ಸಲ ಅಳೆದದ್ದಕ್ಕೆ 0.434. ಉಳಿದ 48 ಅಳತೆಗಳಿಂದ ನಿನಗೆ ಸಿಕ್ಕಿದ್ದು ಇಷ್ಟೇ. ಅದೇ 24 ಅಳತೆಯನ್ನು 12 ಗದ್ದೆಗಳಲ್ಲಿ ಎರಡೆರಡು ಜಾಗದಂತೆ ಹಂಚಿದ್ದರೆ 0.325ಕ್ಕೆ ಇಳಿಯುತ್ತಿತ್ತು.

ಟಿಪ್ಪೆಟ್ ಎಂಬವರು ಇಂಗ್ಲೆಂಡಿನಲ್ಲಿ ಹತ್ತಿ ಉದ್ಯಮದ ಸಂಶೋಧನಾಲಯದಲ್ಲಿ ಇದ್ದುಕೊಂಡೇ ಈ ಬಗೆಯ ಲೆಕ್ಕಗಳನ್ನು ಬೆಳೆಸಿದವರು. ಎಷ್ಟು ಬಾಬಿನ್, ಒಂದರಿಂದ ಎಷ್ಟು ಲೀ ಎಂಬ ಪ್ರಶ್ನೆ ನಮಗೆ ದಿನದ ಊಟದಂತೆ ಇತ್ತು. 1982ರ ಮುಷ್ಕರದ ನಂತರ ನಮ್ಮ ಮಿಲ್ಲು ಮತ್ತೆ ಮೊದಲಿನಂತೆ ಆಗಲಿಲ್ಲ, ಆ ಟೆಸ್ಟಿಂಗ್ ರೂಮೂ ಇಲ್ಲ. ಈ ಲೆಕ್ಕ ಮಾತ್ರ ನನ್ನ ಕೈಯಲ್ಲಿ ಉಳಿದಿದೆ, ಆದ್ದರಿಂದ ಇಷ್ಟು ಬರೆದೆ.

---

ಎರೆಮಣ್ಣು (ಫೋಂಡಾ, ಊರು ನವಲಗುಂದ)

ನಾ ಮಣ್ಣು ಪರೀಕ್ಷೆ ಮಾಡೋ ಲ್ಯಾಬಿನ್ಯಾಗ ಹದಿನಾಲ್ಕು ವರ್ಷದಿಂದ ಇದ್ದೇನ್ರಿ. ತಂಗೀ, ಒಂದು ಮಾತು ಕೇಳ್ತೇನಿ. ಆ ಮೂರು ಅಳತಿ ಒಂದೇ ಬೀಕರಿನ್ಯಾಗ ಮೂರು ಸಲ ಅದ್ದಿ ತಗದದ್ದೋ, ಇಲ್ಲಾ ಮೂರು ಸಲ ಬ್ಯಾರೆ ಬ್ಯಾರೆ ಇಪ್ಪತ್ತು ಗ್ರಾಂ ತೂಗಿ ಮಾಡಿದ್ದೋ?

ಒಂದೇ ಬೀಕರ್ ಅಂದ್ರ, ಆ 0.04 ಅನ್ನೂದು ಮೀಟರಿನ ನಡುಗು ಅಷ್ಟ. ತೂಗೂದು, ನೀರು ಹಾಕೂದು, ಅಲ್ಲಾಡಿಸೂದು, ಸೋಸೂದು, ಇದರಾಗ ಆಗೋ ಹೆಚ್ಚುಕಮ್ಮಿ ಎಲ್ಲಾ ಆ 0.50ರಾಗ ಹೋಗಿ ಕುಂತದ. ನೀವು ಅದನ್ನ ಗದ್ದಿ ಒಳಗಿನ ಹೆಚ್ಚುಕಮ್ಮಿ ಅಂತ ಬರದ್ರ ತಪ್ಪಾಗ್ತದ. ಮುಂದಿನ ಸಲ ಕೆಲವು ಜಾಗದ ಮಣ್ಣು ಎರಡು ಪಾಲು ಮಾಡಿ, ಮೊದಲಿಂದ ಕಡೀತನ ಎರಡೂ ಬ್ಯಾರೆ ಬ್ಯಾರೆ ಮಾಡ್ರಿ. ಎಲ್ಲಾ ಜಾಗಕ್ಕ ಬ್ಯಾಡ, ಎಂಟು ಹತ್ತು ಜಾಗಕ್ಕ ಸಾಕು.

ಇನ್ನ ಉಷ್ಣತಾ. ಒಂದು ಡಿಗ್ರಿ ಏರಿದ್ರ ಇಸಿ ನೂರಕ್ಕ ಎರಡರಷ್ಟು ಏರ್ತದ. ಮೀಟರಿನ್ಯಾಗ 25 ಡಿಗ್ರಿಗೆ ತಿದ್ದೋ ಬಟನ್ ಅದ ಏನು ನೋಡ್ರಿ. ದಿನಾ ಮುಂಜಾನೆ 0.01 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ನೀರಿನ್ಯಾಗ ಅದ್ದಿ, 25 ಡಿಗ್ರಿಗೆ 1.413 ತೋರಸ್ತದೋ ಇಲ್ಲೋ ಬರದಿಡ್ರಿ. ಮತ್ತ ಒಂದು ಗದ್ದಿ ಮಣ್ಣೆಲ್ಲಾ ಸೋಮವಾರ, ಇನ್ನೊಂದು ಗದ್ದಿದೆಲ್ಲಾ ಮಂಗಳವಾರ ಅಂತ ಅಳೀಬ್ಯಾಡ್ರಿ. ಮೀಟರ್ ದಿನದಿಂದ ದಿನಕ್ಕ ಜಾರಿದ್ರ ಅದು ಗದ್ದಿ ಫರಕ್ ಅಂತ ಕಾಣ್ತದ. ಬೀಕರ್ ಎಲ್ಲಾ ಕಲಸಿ, ಚೀಟಿ ಎತ್ತಿ ಸರದಿ ಹಚ್ಚರಿ.

---

ಕಗ್ಗಭತ್ತ

ಅಜ್ಜಯ್ಯಾ, ನಿಮ್ಮ ಬರಹ ಮೂರು ಸಲ ಓದಿ, ಕಾಗದದ ಮೇಲೆ ನಾನೇ ಲೆಕ್ಕ ಮಾಡಿದೆ. 0.434 ನನಗೂ ಬಂತು. ಸರಾಸರಿ ಅವರು ಹೇಳಿದ ಹಾಗೆ ಆರು ಗದ್ದೆಗಳ ಸರಾಸರಿಯಿಂದ ಮಾಡಿದಾಗಲೂ ಅದೇ ಬಂತು, ಆಗ ಮನಸ್ಸಿಗೆ ಸಮಾಧಾನವಾಯಿತು.

ಎರೆಮಣ್ಣು ಅಣ್ಣಾ, ನಿಮ್ಮ ಊಹೆ ಸರಿ. ಒಂದೇ ಬೀಕರ್. ಮತ್ತೆ ಗದ್ದೆ ಪ್ರಕಾರವೇ ದಿನ ಹಂಚಿದ್ದೆ. ಕ್ಯಾಲಿಬ್ರೇಶನ್ ಪುಸ್ತಕ ತೆಗೆದು ನೋಡಿದೆ, ಪೊಟ್ಯಾಸಿಯಂ ಕ್ಲೋರೈಡ್ ಎಲ್ಲ ದಿನವೂ 1.40ರಿಂದ 1.42ರ ಒಳಗೇ ಇದೆ. ಹಾಗಾಗಿ ಗದ್ದೆಗಳ ವ್ಯತ್ಯಾಸ ಮೀಟರಿನದಲ್ಲ ಅಂದುಕೊಳ್ಳುತ್ತೇನೆ.

ಈಗ ಇನ್ನೊಂದು ಗೊಂದಲ. ಗದ್ದೆ 1, 3, 5 ಮಾನಸ್‌ನ ಹತ್ತಿರ, ಬಾಗಿಲಿನಿಂದ ಕೂಗಿದರೆ ಕೇಳಿಸುವಷ್ಟು ದೂರ. ಅಲ್ಲಿನ ಸರಾಸರಿ 6.0. 2, 4, 6 ಒಳಗಡೆ, ಗುಡ್ಡದ ಬುಡಕ್ಕೆ. ಅಲ್ಲಿ 4.4. ನಮ್ಮೂರಿನ ಗಜನಿಯಲ್ಲೂ ಬಾಗಿಲಿನ ಹತ್ತಿರದ ಗದ್ದೆಗೆ ಉಪ್ಪು ಜಾಸ್ತಿ ಎಂದು ಅಪ್ಪ ಹೇಳುತ್ತಿದ್ದರು. ಹಾಗಾದರೆ ಗದ್ದೆಗಳ ಏರುಪೇರನ್ನು ರಾಂಡಮ್ ಅನ್ನಬಹುದೇ? ಅದಕ್ಕೆ ಕಾರಣ ಇದೆಯಲ್ಲ? ಹತ್ತಿರ-ದೂರದ ನಡುವೆ ಟಿ ಪರೀಕ್ಷೆ (ಎರಡು ಸರಾಸರಿಗಳ ವ್ಯತ್ಯಾಸ ಆಕಸ್ಮಿಕವೇ ಎಂದು ನೋಡುವುದು) ಮಾಡಿದೆ, 72 ಅಳತೆಯ ಮೇಲೆ ಟಿ ಸುಮಾರು 7.9 ಬಂತು. ಇದೂ ತಪ್ಪೇ?

---

ಸರಾಸರಿ

ಹೇಳಿದ ಮಾತಿನಂತೆ ಬಂದೆ. ನಿಮ್ಮ ಪ್ರಶ್ನೆ ಬಹಳ ಒಳ್ಳೆಯದು, ಇಡೀ ವಿಷಯದ ಗಂಟು ಇದೇ.

‘ವೇರಿಯನ್ಸ್’ ಎಂಬ ಪದವನ್ನು ಸಂಖ್ಯಾಶಾಸ್ತ್ರಜ್ಞ ಫಿಶರ್ 1918ರಲ್ಲಿ ತಂದಾಗ ಅವರ ಮುಂದಿದ್ದ ಪ್ರಶ್ನೆಯೂ ಹಂಚುವುದೇ: ಜನರ ಎತ್ತರದ ಏರುಪೇರಿನಲ್ಲಿ ಅನುವಂಶದ ಪಾಲು ಎಷ್ಟು, ಉಳಿದದ್ದು ಎಷ್ಟು. 1947ರಲ್ಲಿ ಐಸೆನ್‌ಹಾರ್ಟ್ ಅನೋವಾದ ಎರಡು ಬಳಕೆಗಳನ್ನು ಬೇರೆ ಮಾಡಿ ಬರೆದರು. ನಮಗೆ ಆ ಗದ್ದೆಗಳೇ ಬೇಕು, ಅವುಗಳ ನಡುವಿನ ವ್ಯತ್ಯಾಸವೇ ಪ್ರಶ್ನೆ ಅಂದರೆ ಅದು ಫಿಕ್ಸೆಡ್. ಆ ಗದ್ದೆಗಳು ದೊಡ್ಡದೊಂದು ಗುಂಪಿನ ಪ್ರತಿನಿಧಿಗಳು, ನಾಳೆ ಬೇರೆ ಆರು ಬಂದರೂ ಆದೀತು ಅಂದರೆ ರಾಂಡಮ್. ಗದ್ದೆಗೆ ಒಂದು ಹಣೆಪಟ್ಟಿ ಹುಟ್ಟಿನಿಂದ ಬಂದಿರುವುದಿಲ್ಲ, ನಿಮ್ಮ ಪ್ರಶ್ನೆಯೇ ಅದನ್ನು ಅಂಟಿಸುತ್ತದೆ. ನಿಮ್ಮ ಲೇಖನದಲ್ಲಿ ಮಾನಸ್‌ನ ದೂರ ಫಿಕ್ಸೆಡ್, ಗದ್ದೆ ರಾಂಡಮ್, ಗದ್ದೆಯೊಳಗಿನ ಜಾಗ ರಾಂಡಮ್.

ಲೆಕ್ಕ ಹಾಕೋಣ. ಗದ್ದೆಗಳ ಒಟ್ಟು ವರ್ಗಮೊತ್ತ 13.54 × 5 = 67.7. ಹತ್ತಿರ-ದೂರದ ಸರಾಸರಿಗಳು 5.2ರಿಂದ 0.8 ಮೇಲೆ, 0.8 ಕೆಳಗೆ. ಹಾಗಾಗಿ ಅದರ ಪಾಲು 72 × 0.64 = 46.08, ಡಿಗ್ರಿ 1. ಉಳಿದ 21.62ಕ್ಕೆ ಡಿಗ್ರಿ 4, ಮೀನ್ ಸ್ಕ್ವೇರ್ 5.4. ಮಾನಸ್‌ನ ಪರಿಣಾಮವನ್ನು ಹೋಲಿಸಬೇಕಾದದ್ದು ಇದರ ಜೊತೆಗೆ, ಏಕೆಂದರೆ ಹತ್ತಿರ, ದೂರ ಎಂಬುದು ಗದ್ದೆಗೆ ಸೇರಿದ ಗುಣ, ಬೀಕರಿಗೆ ಸೇರಿದ್ದಲ್ಲ. 46.08ನ್ನು 5.4ರಿಂದ ಭಾಗಿಸಿದರೆ ಎಫ್ 8.5, ಅದರ ವರ್ಗಮೂಲ ಟಿ 2.9. ನಿಮ್ಮ 7.9 ಎಲ್ಲಿ, ಈ 2.9 ಎಲ್ಲಿ. ನಾಲ್ಕು ಡಿಗ್ರಿಗೆ ಟಿಯ ಗಡಿ 2.78, ಅಂದರೆ ಕೂದಲೆಳೆಯಲ್ಲಿ ದಾಟಿದೆ. ವ್ಯತ್ಯಾಸ 1.6 ± 1.5. ಉಪ್ಪು ಹತ್ತಿರ ಜಾಸ್ತಿ ಇರಬಹುದು ಎಂದು ಹೇಳಬಹುದು, ಎಷ್ಟು ಜಾಸ್ತಿ ಎಂದು ಹೇಳುವ ಸ್ಥಿತಿಯಲ್ಲಿ ನೀವಿಲ್ಲ.

ಇನ್ನೊಂದು ಗಮನಿಸಿ. ಮಾನಸ್ ಲೆಕ್ಕಕ್ಕೆ ಬಂದ ಮೇಲೆ ಗದ್ದೆಗಳ ರಾಂಡಮ್ ವೇರಿಯನ್ಸ್ 1.00ರಿಂದ 0.32ಕ್ಕೆ ಇಳಿಯಿತು (5.4ರಿಂದ 1.54 ಕಳೆದು 12ರಿಂದ ಭಾಗಿಸಿ). ನಿಮ್ಮ ಅಪ್ಪನಿಗೆ ಗೊತ್ತಿದ್ದ ವಿಷಯ ಲೆಕ್ಕದಲ್ಲಿ ಇರಲಿಲ್ಲ, ಅದಕ್ಕೇ ಅಷ್ಟು ದೊಡ್ಡ ಪಾಲು ರಾಂಡಮ್ ಎಂದು ಕಂಡಿತ್ತು. ಮಾನಸ್‌ನಿಂದ ಎಷ್ಟು ಮೀಟರ್ ಎಂದು ಅಳೆದು, ಹತ್ತಿರ-ದೂರ ಎಂಬ ಎರಡು ಗುಂಪಿನ ಬದಲು ದೂರವನ್ನೇ ಸಂಖ್ಯೆಯಾಗಿ ಹಾಕಿದರೆ ಇನ್ನೂ ಇಳಿಯಬಹುದು.

ಆ 1.00 ಎಂಬ ಸಂಖ್ಯೆಯನ್ನೂ ಕಲ್ಲಿನಲ್ಲಿ ಕೆತ್ತಿದಂತೆ ನಂಬಬೇಡಿ. ಆರು ಗದ್ದೆಗಳಿಂದ ಬಂದ ವೇರಿಯನ್ಸ್ ಅದು. ಕೈ-ಸ್ಕ್ವೇರ್ ಎಂಬ ಕೋಷ್ಟಕ ಹಿಡಿದು ಒರಟು ಅಂದಾಜು ಮಾಡಿದರೆ 0.3ರಿಂದ 6.7ರ ತನಕ ಎಲ್ಲಿಯಾದರೂ ಇರಬಹುದು. ಸರಾಸರಿಯನ್ನು ಅಂದಾಜು ಮಾಡುವುದಕ್ಕಿಂತ ವೇರಿಯನ್ಸನ್ನು ಅಂದಾಜು ಮಾಡುವುದು ಎಷ್ಟೋ ಪಾಲು ಕಷ್ಟ. ಇದನ್ನು ಲೇಖನದಲ್ಲಿ ಬರೆಯಲು ಹಿಂಜರಿಯಬೇಡಿ.

ನಾನು ಇಲ್ಲಿ ಆಹಾರ ಸಮೀಕ್ಷೆಗಳ ಲೆಕ್ಕ ನೋಡುತ್ತೇನೆ. ನಿನ್ನೆ ಏನು ತಿಂದಿರಿ ಎಂದು ಒಬ್ಬರನ್ನು ಒಂದೇ ದಿನ ಕೇಳುತ್ತೇವೆ. ಆಕೆ ಒಂದು ದಿನ ಮೂರು ಭಾಕರಿ ತಿಂದಿರುತ್ತಾರೆ, ಇನ್ನೊಂದು ದಿನ ಉಪವಾಸದ ಸಾಬುದಾನಿ. ಒಂದೇ ದಿನದ ಲೆಕ್ಕದಲ್ಲಿ ವ್ಯಕ್ತಿಗಳ ನಡುವಿನ ವ್ಯತ್ಯಾಸ, ಒಬ್ಬರದೇ ದಿನದಿಂದ ದಿನದ ವ್ಯತ್ಯಾಸ, ಎರಡೂ ಬೆರೆತುಹೋಗುತ್ತವೆ. ಹರವು ಅಗಲವಾಗಿ, ತೀರಾ ಕಡಿಮೆ ತಿನ್ನುವವರು ನಿಜಕ್ಕಿಂತ ಹೆಚ್ಚು ಇದ್ದಂತೆ ಕಾಣುತ್ತದೆ. ಪುಣೆಯಲ್ಲಿ ಸಂಖ್ಯಾಶಾಸ್ತ್ರಜ್ಞ ಪಿ.ವಿ. ಸುಖಾತ್ಮೆ ಅವರು ಒಬ್ಬರೊಳಗಿನ ಈ ಏರುಪೇರನ್ನು ಮುಂದಿಟ್ಟು ಅಪೌಷ್ಟಿಕತೆಯ ಅಂಕಿಗಳನ್ನೇ ಪ್ರಶ್ನಿಸಿದರು, ಇದೇ ಊರಿನ ಅರ್ಥಶಾಸ್ತ್ರಜ್ಞ ವಿ.ಎಂ. ದಾಂಡೇಕರ್ ಅದನ್ನು ಒಪ್ಪದೆ ವಾದಿಸಿದರು. ದೇಶದಲ್ಲಿ ಹಸಿದವರು ಎಷ್ಟು ಎಂಬ ವಾದ ವೇರಿಯನ್ಸಿನ ಒಂದು ಪಾಲಿನ ಮೇಲೆ ನಿಂತಿತ್ತು. ಹಾಗಾಗಿ ನಿಮ್ಮ ವಿಮರ್ಶಕರ ಒಂದು ಸಾಲನ್ನು ನಾನು ಸಣ್ಣದೆಂದು ಭಾವಿಸುವುದಿಲ್ಲ.

ಮೇ ತಿಂಗಳ ಸುತ್ತಿನಲ್ಲಿ ಒಂದೆರಡು ಜಾಗದಲ್ಲಿ ನೀರು ನಿಂತು ಮಣ್ಣು ಸಿಗದೇ ಹೋಗಬಹುದು. ಆಗ ಸಂಖ್ಯೆ ಸಮನಾಗಿರುವುದಿಲ್ಲ, ಕಳೆದು ಭಾಗಿಸುವ ಕೈಲೆಕ್ಕ ನೇರವಾಗಿ ನಡೆಯುವುದಿಲ್ಲ. ಹೀಗೆ ಹಲ್ಲು ಬಿದ್ದ ಅಂಕಿಗಳಿಗೆ ದಾರಿ ಹುಡುಕಿದವರಲ್ಲಿ ಹೆಂಡರ್ಸನ್ ಒಬ್ಬರು, 1953ರಲ್ಲಿ, ಹಸು ಸಾಕಣೆಯ ಅಂಕಿಗಳಿಗಾಗಿ. 1970ರ ಸುಮಾರಿಗೆ ಸಿ.ಆರ್. ರಾವ್ ಅವರು ಮಿಂಕ್ಯೂ ಎಂಬ ವಿಧಾನ ಕೊಟ್ಟರು. ರಾವ್ ಹುಟ್ಟಿದ್ದು 1920ರಲ್ಲಿ ನಮ್ಮ ಹೂವಿನಹಡಗಲಿಯಲ್ಲಿ, ಇದನ್ನು ಹೇಳುವಾಗ ನನಗೆ ಪ್ರತಿ ಸಲವೂ ಸಂತೋಷ. 1971ರಲ್ಲಿ ಪ್ಯಾಟರ್ಸನ್ ಮತ್ತು ಥಾಂಪ್ಸನ್ ಕೊಟ್ಟ ರೆಮ್ಲ್ ವಿಧಾನ ಈಗ ಎಲ್ಲ ಕಡೆ ಬಳಕೆಯಲ್ಲಿದೆ. ಆರ್ ಎಂಬ ಸಂಖ್ಯಾಶಾಸ್ತ್ರದ ಸಾಫ್ಟ್‌ವೇರಿನಲ್ಲಿ ಎಲ್‌ಎಂಇ4 ಪ್ಯಾಕೇಜ್ ಹಾಕಿಕೊಂಡರೆ ಅದು ರೆಮ್ಲ್‌ನಲ್ಲೇ ಲೆಕ್ಕ ಮಾಡುತ್ತದೆ.

ಅಲ್ಲಿ ಹೊಸಬರು ಮುಗ್ಗರಿಸುವ ಕಡೆ ಒಂದಿದೆ. ನೀವು ಎಲ್ಲ ಗದ್ದೆಯ ಜಾಗಗಳಿಗೂ 1, 2, 3, 4 ಎಂದೇ ಹೆಸರಿಟ್ಟಿದ್ದರೆ, ಜಾಗ ಗದ್ದೆಯೊಳಗಿನದು ಎಂದು ಬರೆಯುವುದು ಮರೆತ ಕ್ಷಣ ಕಂಪ್ಯೂಟರ್ ಗದ್ದೆ 1ರ ಜಾಗ 2 ಮತ್ತು ಗದ್ದೆ 5ರ ಜಾಗ 2 ಒಂದೇ ಎಂದು ತಿಳಿಯುತ್ತದೆ. ಉತ್ತರ ಬರುತ್ತದೆ, ತಪ್ಪು ಎಂದು ಎಲ್ಲೂ ಹೇಳುವುದಿಲ್ಲ. ಚೀಲದ ಮೇಲೆ ಬರೆಯುವಾಗಲೇ ಪ್ರತಿ ಜಾಗಕ್ಕೂ ಬೇರೆ ಬೇರೆ ಹೆಸರು ಕೊಟ್ಟುಬಿಡಿ.

ಕೈಲೆಕ್ಕದಲ್ಲಿ ಯಾವತ್ತಾದರೂ ವೇರಿಯನ್ಸ್ ಮೈನಸ್ ಬಂದರೆ ಗಾಬರಿಯಾಗಬೇಡಿ. ಮೇಲಿನ ಮೀನ್ ಸ್ಕ್ವೇರ್ ಆಕಸ್ಮಿಕವಾಗಿ ಕೆಳಗಿನದಕ್ಕಿಂತ ಚಿಕ್ಕದಾದರೆ ಹಾಗಾಗುತ್ತದೆ, ಆ ಹಂತದ ಪಾಲು ಬಹಳ ಸಣ್ಣದಿರಬಹುದು. ಆದರೆ ಮೈನಸ್ ದೊಡ್ಡದಿದ್ದರೆ ನಿಮ್ಮ ಹಂತಗಳ ಚಿತ್ರವೇ ತಪ್ಪಿರಬಹುದು, ಆಗ ಗದ್ದೆಗೆ ಹೋಗಿ ನೋಡಬೇಕು.

---

ನೂಲುಲೆಕ್ಕ

ಸರಾಸರಿಯವರು ಚೆನ್ನಾಗಿ ಬಿಡಿಸಿದರು. ಮಗಳೇ, ನನಗೆ ಒಂದು ವಿಷಯ ಬೇಕು. ಹೊಸ ಗದ್ದೆಗೆ ಹೋಗಲು ಎಷ್ಟು ಹೊತ್ತು ಬೇಕು, ಗದ್ದೆಯೊಳಗೆ ಇನ್ನೊಂದು ಜಾಗ ತೋಡಲು ಎಷ್ಟು?

---

ಕಗ್ಗಭತ್ತ

ಹೊಸ ಗದ್ದೆ ಅಂದರೆ ಮೊದಲು ಯಜಮಾನರನ್ನು ಹುಡುಕಬೇಕು, ಕೊಂಕಣಿಯಲ್ಲಿ ವಿವರಿಸಬೇಕು, ಕೆಲವರು ಚಹಾ ಕುಡಿಸದೇ ಬಿಡುವುದಿಲ್ಲ. ಮತ್ತೆ ಒಡ್ಡಿನ ಮೇಲೆ ನಡೆಯುವುದು. ಒಂದು ಗಂಟೆ ಹಿಡಿಯಿರಿ. ಒಳಗೆ ಒಂದು ಜಾಗಕ್ಕೆ, ತೋಡಿ ಚೀಲಕ್ಕೆ ತುಂಬಿ ಹೆಸರು ಬರೆಯಲು, ಕಾಲು ಗಂಟೆ.

---

ನೂಲುಲೆಕ್ಕ

ಹಾಗಾದರೆ ಹೀಗೆ. ಗದ್ದೆಯ ಖರ್ಚು ಜಾಗದ ಖರ್ಚಿನ ನಾಲ್ಕು ಪಟ್ಟು. ಮಾನಸ್ ಲೆಕ್ಕ ಹಿಡಿದ ಮೇಲೆ ಜಾಗದ ವೇರಿಯನ್ಸ್, ಮೀಟರಿನದೂ ಸೇರಿ, 0.54. ಗದ್ದೆಯದು 0.32. 0.54ನ್ನು 0.32ರಿಂದ ಭಾಗಿಸಿ 4ರಿಂದ ಗುಣಿಸಿ ವರ್ಗಮೂಲ ತೆಗೆ. ಎರಡೂವರೆ ಚಿಲ್ಲರೆ. ಒಂದು ಗದ್ದೆಗೆ ಎರಡು ಜಾಗ, ಹೆಚ್ಚೆಂದರೆ ಮೂರು. ಮಿಲ್ಲಿನಲ್ಲಿ ಬಾಬಿನ್‌ಗೆ ಎಷ್ಟು ಲೀ ಎಂದು ನಾವು ತೆಗೆಯುತ್ತಿದ್ದ ಲೆಕ್ಕವೇ ಇದು. ಒಂದಕ್ಕೆ ಇಳಿಸಬೇಡ. ಒಂದೇ ಜಾಗ ಆದರೆ ಗದ್ದೆಯ ಏರುಪೇರು, ಜಾಗದ ಏರುಪೇರು ಎರಡೂ ಅಂಟಿಕೊಂಡು ಬಿಡಿಸಲು ಬರುವುದಿಲ್ಲ.

12 ಗದ್ದೆ, ಆರು ಹತ್ತಿರ, ಆರು ಒಳಗಡೆ, ಎರಡೆರಡು ಜಾಗ, ಒಂದೊಂದೇ ಅಳತೆ. ಹಿಂದಿನ ಪಾಲುಗಳೇ ಉಳಿದರೆ ಹತ್ತಿರ-ದೂರದ ವ್ಯತ್ಯಾಸ ± 1.5 ಇದ್ದದ್ದು ± 1.0ಕ್ಕೆ ಬರುತ್ತದೆ. ಅಳತೆ 72ರ ಬದಲು 24. ಕೈಯಲ್ಲಿ ಉಳಿದ ಹೊತ್ತಿನಲ್ಲಿ ಎರೆಮಣ್ಣು ಅವರು ಹೇಳಿದ ಎರಡು ಪಾಲಿನ ಕೆಲಸ ಮಾಡು, ಎಂಟು ಜಾಗಕ್ಕೆ.

---

ಕಗ್ಗಭತ್ತ

ಗೈಡ್ ಮೇಡಂ ಒಪ್ಪಿದರು. ಲೇಖನದಲ್ಲಿ 5.2 ± 1.1 ಎಂದು ತಿದ್ದಿ, ಮೂರು ಹಂತದ ವೇರಿಯನ್ಸ್ ಕೋಷ್ಟಕ ಸೇರಿಸಿ ಕಳಿಸಿದ್ದೇನೆ. ಮಾನಸ್‌ನ ಬಗ್ಗೆ ಬರೆದಿದ್ದ ದೊಡ್ಡ ವಾಕ್ಯ ತೆಗೆದು, 1.6 ± 1.5 ಎಂದಷ್ಟೇ ಬರೆದೆ.

ಹೊಸ ಆರು ಗದ್ದೆಗಳಲ್ಲಿ ನಾಲ್ಕರ ಯಜಮಾನರು ಹೂಂ ಅಂದಿದ್ದಾರೆ. ಉಳಿದ ಎರಡಕ್ಕೆ ಭಾನುವಾರ ಅಣ್ಣನ ಸ್ಕೂಟರ್ ತೆಗೆದುಕೊಂಡು ಹೋಗುತ್ತೇನೆ. ಚೀಲಗಳಿಗೆ ಈಗಲೇ ಹೆಸರು ಬರೆದಿಟ್ಟಿದ್ದೇನೆ, ಗ7ಜ1, ಗ7ಜ2, ಹೀಗೆ ಗ18ಜ2ರ ತನಕ, ಹಳೆಯ ಗದ್ದೆಗಳಿಗೂ ಹೊಸ ಸಂಖ್ಯೆ ಕೊಟ್ಟು. ಬೀಕರ್‌ಗಳ ಸರದಿಗೆ ಚೀಟಿ ಎತ್ತುವ ಕೆಲಸ ಅತ್ತಿಗೆಯ ಮಗನಿಗೆ ಒಪ್ಪಿಸಿದ್ದೇನೆ. ಅಂಕಿಗಳು ಬಂದ ಕೂಡಲೇ ಇಲ್ಲೇ ಹಾಕುತ್ತೇನೆ, ಅಜ್ಜಯ್ಯ ಕೈಲೆಕ್ಕ ಮಾಡಿ ನೋಡಬೇಕು.